ಸಿಆರ್ ಫೈಲು ತೆರೆಯದೆ ತಾರತಮ್ಯ ಸಾಬೀತಾಗೋದು ಹೇಗೆ?

ಶಿವಮೊಗ್ಗದ ಸರ್ಕಾರಿ ಆಫೀಸುಗಳಲ್ಲಿ ಬಡ್ತಿ ಪಟ್ಟಿ ಹೊರಬಿದ್ದ ದಿನ ಎಲ್ಲರ ಬಾಯಲ್ಲೂ ಸಿಆರ್‌ನದೇ ಮಾತು. ಮೇಲಧಿಕಾರಿ ವರ್ಷಕ್ಕೊಮ್ಮೆ ಬರೆಯುವ ಗೌಪ್ಯ ವರದಿ ಅದು. ಹೆಣ್ಣು ಅನ್ನೋ ಕಾರಣಕ್ಕೇ ನನ್ನನ್ನು ಕೈಬಿಟ್ಟರು ಎಂದು ಒಬ್ಬರು ದೂರಿದರೆ, ಪುರಾವೆ ಸಿಗೋದು ಅಲ್ಲೇ. ಅದೂ ಅವರ ವರದಿಯೊಂದರಲ್ಲೇ ಅಲ್ಲ, ಬಡ್ತಿ ಸಿಕ್ಕ ಗಂಡಸರ ವರದಿಯನ್ನೂ ಪಕ್ಕದಲ್ಲಿಟ್ಟು ನೋಡಿದಾಗ. ಆದರೆ ಆ ಫೈಲುಗಳೆಲ್ಲ ಯಾರ ಮೇಲೆ ದೂರಿದೆಯೋ ಅವರದೇ ಬೀರುವಿನಲ್ಲಿರುತ್ತವೆ.

ಬ್ರಿಟನ್‌ನಲ್ಲಿ 1975ರಲ್ಲಿ ಲಿಂಗ ತಾರತಮ್ಯ ತಡೆ ಕಾಯ್ದೆ ಬಂತು. ಬಂದ ಕೂಡಲೇ ಈ ಜಗಳವೂ ಶುರುವಾಯಿತು. ಸೈನ್ಸ್ ರಿಸರ್ಚ್ ಕೌನ್ಸಿಲ್‌ನಲ್ಲಿ ಗುಮಾಸ್ತೆಯಾಗಿದ್ದ ನಾಸೆ ಎಂಬಾಕೆ, ಮದುವೆಯಾದವಳು, ಯೂನಿಯನ್‌ನವಳು ಅಂತ ನನಗೆ ಬಡ್ತಿ ತಪ್ಪಿಸಿದರು ಎಂದು ದೂರಿ ಸಹೋದ್ಯೋಗಿಗಳ ವರದಿ ಕೇಳಿದರು. ಪ್ರಕರಣ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1979ರ ತೀರ್ಪು ನನಗೆ ಇವತ್ತಿಗೂ ಸರಿ ಅನ್ನಿಸುತ್ತದೆ: ಗೌಪ್ಯ ಎಂಬ ಒಂದೇ ಕಾರಣಕ್ಕೆ ದಾಖಲೆ ತಡೆಯುವಂತಿಲ್ಲ, ಹಾಗಂತ ಕೇಳಿದ್ದನ್ನೆಲ್ಲ ಕೊಡಬೇಕಾಗಿಯೂ ಇಲ್ಲ. ನ್ಯಾಯ ತೀರ್ಮಾನಕ್ಕೆ ಅದು ಬೇಕೇ ಬೇಕಾ ಅಂತ ನ್ಯಾಯಮಂಡಳಿಯೇ ಓದಿ ನೋಡಬೇಕು, ಅಗತ್ಯವಿದ್ದರೆ ಹೆಸರು ಮುಚ್ಚಿ ಕೊಡಿಸಬೇಕು.

ಅಮೆರಿಕದಲ್ಲಿ 1990ರಲ್ಲಿ ಇಂಥದೇ ಪ್ರಕರಣದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸೋತಿತು. ಕಾಯಂ ಹುದ್ದೆ ತಪ್ಪಿದ ಪ್ರಾಧ್ಯಾಪಕಿಯ ಬಗ್ಗೆ ಸಹೋದ್ಯೋಗಿಗಳು ಬರೆದ ಗುಟ್ಟಿನ ಅಭಿಪ್ರಾಯಕ್ಕೆ ವಿಶೇಷ ರಕ್ಷಣೆಯೇನಿಲ್ಲ ಎಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು.

ನಮ್ಮಲ್ಲಿ? ಅದೇ 1979ರಲ್ಲಿ ಕೊಡಗಿನ ಸಿ.ಬಿ. ಮುತ್ತಮ್ಮ ವಿದೇಶಾಂಗ ಸೇವೆಯಲ್ಲಿನ ತಾರತಮ್ಯವನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಅವರ ವಿಷಯದಲ್ಲಿ ಗುಟ್ಟಿನ ಫೈಲೇ ಬೇಕಿರಲಿಲ್ಲ. ಮದುವೆಯಾಗಲು ಹೆಂಗಸರು ಸರ್ಕಾರದ ಅನುಮತಿ ಪಡೆಯಬೇಕು ಅಂತ ನಿಯಮದಲ್ಲೇ ಅಚ್ಚಾಗಿತ್ತು! ಈಗ ಅಷ್ಟು ಬಹಿರಂಗವಾಗಿ ಯಾರು ಬರೆಯುತ್ತಾರೆ? ಪಕ್ಷಪಾತ ಅಂಕಗಳೊಳಗೆ ಸೇರಿಕೊಂಡಿರುತ್ತದೆ. 2021ರ ನಿತಿಶಾ ತೀರ್ಪಿನಲ್ಲಿ ಅದು ಕಂಡಿತು. ಸೇನೆಯ ಮಹಿಳಾ ಅಧಿಕಾರಿಗಳಿಗೆ ಹೇಗೂ ಕಾಯಂ ಸೇವೆ ಇಲ್ಲವಲ್ಲ ಅಂತ ವರ್ಷಗಟ್ಟಲೆ ಸುಮ್ನೆ ಬರೆದುಹಾಕಿದ್ದ ವರದಿಗಳನ್ನೇ, ಆಮೇಲೆ ಅವರನ್ನು ಅಳೆಯಲು ಬಳಸಲಾಗಿತ್ತು. ಇದು ಪರೋಕ್ಷ ತಾರತಮ್ಯ ಎಂದಿತು ಕೋರ್ಟ್.

ಸ್ವಂತ ಸಿಆರ್ ನೋಡುವ ಹಕ್ಕು ಸಿಕ್ಕಿದ್ದು 2008ರ ದೇವ್ ದತ್ ತೀರ್ಪಿನಿಂದ. ಅದಕ್ಕೂ ಮುಂಚೆ ಕೆಟ್ಟ ಷರಾ ಇದ್ದರಷ್ಟೇ ತಿಳಿಸುತ್ತಿದ್ದರು. 'ಉತ್ತಮ' ಅಂತ ಬರೆದೇ ಬಡ್ತಿ ತಪ್ಪಿಸಬಹುದಿತ್ತು, ಯಾಕೆಂದರೆ ಬಡ್ತಿಗೆ 'ಅತ್ಯುತ್ತಮ' ಬೇಕಿತ್ತು.

ಬೇರೆಯವರ ವರದಿ ಮಾತ್ರ ಇನ್ನೂ ಕಷ್ಟ. ನೌಕರನ ಸೇವಾ ವಿವರ ವೈಯಕ್ತಿಕ ಮಾಹಿತಿ, ದೊಡ್ಡ ಸಾರ್ವಜನಿಕ ಹಿತ ತೋರಿಸದೆ ಆರ್‌ಟಿಐನಲ್ಲಿ ಸಿಗದು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಲೆನಾಡಿನ ಊರೂರಲ್ಲೂ ಸೊಸೈಟಿಗಳಿವೆ, ಅಲ್ವಾ? ಸಹಕಾರ ಸಂಘ ಅಂದ ಮಾತ್ರಕ್ಕೆ ಆರ್‌ಟಿಐ ಅನ್ವಯಿಸುವುದಿಲ್ಲ ಎಂದು 2013ರ ತೀರ್ಪಿದೆ. ಹಾಗಾಗಿ ಅಲ್ಲಿನ ಗುಮಾಸ್ತೆಗೆ ಅರ್ಜಿಯ ದಾರಿ ಬಹುಪಾಲು ಮುಚ್ಚಿದೆ.

ಉಳಿದಿರುವುದು ಕೋರ್ಟು, ರಾಜ್ಯ ಸರ್ಕಾರಿ ನೌಕರರಾದರೆ ಅವರ ಸೇವಾ ವ್ಯಾಜ್ಯ ನೋಡುವ ಕರ್ನಾಟಕ ಆಡಳಿತ ನ್ಯಾಯಮಂಡಳಿ (ಕೆಎಟಿ). ಅಲ್ಲೂ ಎಲ್ಲರ ಫೈಲು ಬೇಕು ಎಂದರೆ ತಳ್ಳಿಹಾಕುವ ಸಾಧ್ಯತೆಯೇ ಜಾಸ್ತಿ. ಇಂಥ ವರ್ಷ ನನ್ನನ್ನು ದಾಟಿ ಬಡ್ತಿ ಪಡೆದವರ ವರದಿಯಷ್ಟೇ ಸಾಕು, ಹೆಸರು ಮುಚ್ಚಿಯಾದರೂ ತರಿಸಿ ನೋಡಿ ಅಂತ ವಕೀಲರ ಮೂಲಕ ಮೊದಲ ಹಂತದಲ್ಲೇ ಕೇಳಬೇಕು.