ಎತ್ತುವವರು ಯಾರು? ‘ಅಪ್‌ಲಿಫ್ಟ್’ ಎಂಬ ಪದ ನಮ್ಮಲ್ಲಿಗೆ ಬಂದ ದಾರಿ

ಇಂಗ್ಲಿಷಿನಲ್ಲಿ ಸಂತೋಷದ ಪದಗಳು ಮೇಲಕ್ಕೆ ಏರುತ್ತವೆ, ದುಃಖದ ಪದಗಳು ಕೆಳಕ್ಕೆ ಇಳಿಯುತ್ತವೆ. ಗೆದ್ದವರು ‘ಇಲೇಟೆಡ್’, ಮನಸ್ಸು ಕುಸಿದವರು ‘ಡಿಪ್ರೆಸ್ಡ್’. ಮೊದಲನೆಯದರ ಲ್ಯಾಟಿನ್ ಮೂಲದಲ್ಲಿ ಎತ್ತಿಕೊಂಡು ಹೋಗುವ ಅರ್ಥವಿದೆ, ಎರಡನೆಯದರಲ್ಲಿ ಕೆಳಕ್ಕೆ ಅದುಮುವ ಅರ್ಥವಿದೆ. ಆದರೆ ಮೇಲಕ್ಕೆ ಹೋಗುವುದು ಯಾವಾಗಲೂ ಒಳ್ಳೆಯ ಮಾತಾಗಿರಲಿಲ್ಲ. ಹದಿನಾಲ್ಕನೆಯ ಶತಮಾನದ ಇಂಗ್ಲಿಷಿನಲ್ಲಿ ‘ಇಲೇಟ್’ ಎಂದರೆ ಸೊಕ್ಕಿದವನು. ಲ್ಯಾಟಿನ್ ಕ್ರಿಯಾಪದವನ್ನಂತೂ ಶವವನ್ನು ಮಣ್ಣಿಗೆ ಒಯ್ಯುವುದಕ್ಕೂ ಬಳಸುತ್ತಿದ್ದರು.

‘ಬಾಯಂಟ್’ ಎಂಬ ಪದ ಬಂದದ್ದು ಸಮುದ್ರದ ಕಡೆಯಿಂದ. ಬಂದರಿನ ಬಾಯಲ್ಲಿ ಹಡಗಿಗೆ ದಾರಿ ತೋರಿಸಲು ತೇಲಿಬಿಡುವ ಬುರುಡೆಗೆ ಇಂಗ್ಲಿಷಿನಲ್ಲಿ ‘ಬಾಯ್’ ಎನ್ನುತ್ತಾರೆ. ಅದು ಸರಪಳಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂತೋ, ದಾರಿದೀಪಕ್ಕಿದ್ದ ಹಳೆಯ ಜರ್ಮನಿಕ್ ಪದದಿಂದ ಬಂತೋ ಎಂಬ ವಾದ ಇನ್ನೂ ಮುಗಿದಿಲ್ಲ. ಹದಿನಾರನೆಯ ಶತಮಾನದಲ್ಲಿ, ಬಹುಶಃ ಸ್ಪ್ಯಾನಿಷ್ ನಾವಿಕರ ಮಾತಿನಿಂದ, ‘ಬಾಯಂಟ್’ ಇಂಗ್ಲಿಷಿಗೆ ಇಳಿಯಿತು. ಮೊದಲು ತೇಲುವ ವಸ್ತುವಿಗೆ, ಆಮೇಲೆ ಕುಗ್ಗದ ಮನಸ್ಸಿಗೆ, ಕೊನೆಗೆ ಹಣಕಾಸಿಗೆ ಸಂದಿತು. ನಮ್ಮ ಬಜೆಟ್ ವರದಿಗಳಲ್ಲಿ ಬರುವ ‘ಟ್ಯಾಕ್ಸ್ ಬಾಯನ್ಸಿ’ ಇದರ ಮೊಮ್ಮಗ: ಆರ್ಥಿಕತೆ ಬೆಳೆದ ದರಕ್ಕೆ ಹೋಲಿಸಿದರೆ ತೆರಿಗೆ ಸಂಗ್ರಹ ಎಷ್ಟು ಬೆಳೆಯಿತು ಎಂಬ ಅಳತೆ.

ತೇಲುವ ವಸ್ತುವನ್ನು ಯಾರೂ ಹಿಡಿದು ನಿಲ್ಲಿಸಬೇಕಾಗಿಲ್ಲ. ‘ಅಪ್‌ಲಿಫ್ಟ್’ ಹಾಗಲ್ಲ; ಅಲ್ಲಿ ಎತ್ತುವ ಕೈ ಒಂದು, ಎತ್ತಿಸಿಕೊಳ್ಳುವ ದೇಹ ಇನ್ನೊಂದು. ಈ ವ್ಯತ್ಯಾಸ ನಮ್ಮ ದೇಶದಲ್ಲಿ ವ್ಯಾಕರಣದ ಸಂಗತಿಯಾಗಿ ಉಳಿಯಲಿಲ್ಲ.

ಅಮೆರಿಕದಲ್ಲಿ ಗುಲಾಮಗಿರಿ ಮುಗಿದ ಮೇಲೆ ಓದಿದ ಕಪ್ಪು ಜನರು ತಮ್ಮ ಸಮುದಾಯದ ಏಳಿಗೆಗೆ ಈ ಪದವನ್ನು ಬಳಸಿದರು. 1896ರಲ್ಲಿ ಸ್ಥಾಪನೆಯಾದ ಕಪ್ಪು ಮಹಿಳೆಯರ ರಾಷ್ಟ್ರೀಯ ಸಂಘದ ಧ್ಯೇಯವಾಕ್ಯದ ಅರ್ಥ, ‘ನಾವು ಏರುತ್ತ ಎತ್ತುತ್ತೇವೆ’. ಅಲ್ಲಿ ಏರುವವರೂ ಎತ್ತುವವರೂ ಒಂದೇ ಜನ. ಭಾರತಕ್ಕೆ ಬಂದಾಗ ಆ ಕೈ ಹೆಚ್ಚಾಗಿ ಮೇಲಿನಿಂದ ಚಾಚಿದ್ದಾಗಿತ್ತು. 1920ರ ದಶಕದಲ್ಲಿ ಪಂಜಾಬಿನ ಗುರ್‌ಗಾಂವ್ ಜಿಲ್ಲೆಯ ಡೆಪ್ಯೂಟಿ ಕಮಿಷನರ್ ಆಗಿದ್ದ ಎಫ್. ಎಲ್. ಬ್ರೇನ್ ತಮ್ಮ ಕಾರ್ಯಕ್ರಮವನ್ನು ‘ವಿಲೇಜ್ ಅಪ್‌ಲಿಫ್ಟ್’ ಎಂದು ಕರೆದರು. ಗೊಬ್ಬರದ ಗುಂಡಿ, ಮನೆಗೆ ಕಿಟಕಿ, ಸುಧಾರಿತ ನೇಗಿಲು ಎಲ್ಲವೂ ಬೇಕಾದವೇ. ಆದರೆ ಅವು ಸಾಹೇಬರ ಉತ್ಸಾಹಕ್ಕೆ ಕಟ್ಟುಬಿದ್ದಿದ್ದವು. ಅವರು ವರ್ಗವಾದ ಮೇಲೆ ಬಹುಪಾಲು ಕೆಲಸ ನಿಂತುಹೋಯಿತು.

ಜಾತಿಯ ವಿಷಯದಲ್ಲಿ ಈ ಪದದ ಭಾರ ಇನ್ನೂ ಹೆಚ್ಚು. ಸರ್ಕಾರಿ ಇಂಗ್ಲಿಷಿನಲ್ಲಿ ಅಸ್ಪೃಶ್ಯರೆನಿಸಿದವರ ಹೆಸರು ‘ಡಿಪ್ರೆಸ್ಡ್ ಕ್ಲಾಸಸ್’, ಅದುಮಲ್ಪಟ್ಟವರು. ಅದುಮಲ್ಪಟ್ಟವರನ್ನು ಎತ್ತಬೇಕು ಎಂಬುದು ಸಹಜವಾದ ಮುಂದಿನ ಮಾತು. ಅದುಮಿದವರು ಯಾರು ಎಂಬ ಪ್ರಶ್ನೆ ಅದರಲ್ಲಿ ಸುಲಭವಾಗಿ ಮರೆಯಾಗುತ್ತದೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಕಟ್ಟಿದ ಸಂಸ್ಥೆಯ ಹೆಸರೂ ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್’. ಹೆಸರು ಕಾಲದ್ದು, ಆದರೆ ರಂಗರಾಯರ ಮನಸ್ಸು ಆ ಹೆಸರಿಗಿಂತ ಬಹಳ ಮುಂದಿತ್ತು. ತಮ್ಮ ಶಾಲೆಯಲ್ಲಿ ಕಲಿತ ಮಕ್ಕಳು ಸರ್ಕಾರಿ ಕೆಲಸಕ್ಕೆ ಸೇರಿ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಅದರ ಧೂಳು ತಮ್ಮ ತಲೆಗೆ ತಾಗಬೇಕು ಎಂದು ಅವರು ಬಯಸಿದ್ದನ್ನು ಕರಾವಳಿಯ ಜನ ಇಂದಿಗೂ ನೆನೆಯುತ್ತಾರೆ. ಎತ್ತಿದವನು ಮೇಲೆಯೇ ಉಳಿಯಬೇಕೆಂಬ ಆಸೆ ಅದರಲ್ಲಿ ಲವಲೇಶವೂ ಇಲ್ಲ.

ಈ ಪದಗಳನ್ನು ನೇರವಾಗಿ ಎದುರಿಸಿದವರು ಡಾ. ಬಿ. ಆರ್. ಅಂಬೇಡ್ಕರ್. 1931ರ ನವೆಂಬರ್‌ನಲ್ಲಿ ಭಾರತದ ಹೊಸ ಸಂವಿಧಾನ ಚರ್ಚಿಸಲು ಲಂಡನ್ನಿನಲ್ಲಿ ಸೇರಿದ್ದ ದುಂಡುಮೇಜಿನ ಪರಿಷತ್ತಿಗೆ ಸಲ್ಲಿಸಿದ ಪೂರಕ ಮನವಿಯಲ್ಲಿ, ‘ಡಿಪ್ರೆಸ್ಡ್ ಕ್ಲಾಸಸ್’ ಎಂಬ ಹೆಸರು ಅವಮಾನಕರ, ಹೊಸ ಸಂವಿಧಾನ ಬರೆಯುವಾಗ ಅದನ್ನು ಬದಲಿಸಿ ಎಂದು ಕೇಳಿದರು. ಮರುವರ್ಷ ಈ ಸಮುದಾಯಗಳ ಶಾಸನಸಭಾ ಸ್ಥಾನಗಳ ಕುರಿತ ಪೂನಾ ಒಪ್ಪಂದವಾದ ಬೆನ್ನಿಗೇ ಅಸ್ಪೃಶ್ಯತಾ ನಿವಾರಣೆಯ ಸಂಘ ಹುಟ್ಟಿತು; ಮುಂದೆ ಅದೇ ಹರಿಜನ ಸೇವಕ ಸಂಘವಾಯಿತು. 1932ರ ನವೆಂಬರ್‌ನಲ್ಲಿ ಲಂಡನ್ನಿಗೆ ಹೊರಟಿದ್ದ ಅಂಬೇಡ್ಕರ್ ‘ವಿಕ್ಟೋರಿಯಾ’ ಹಡಗಿನಲ್ಲಿ ಕುಳಿತು ಆ ಸಂಘದ ಕಾರ್ಯದರ್ಶಿ ಎ. ವಿ. ಠಕ್ಕರ್ ಅವರಿಗೆ ಪತ್ರ ಬರೆದರು. ಮನುಷ್ಯ ಕಷ್ಟದಲ್ಲಿರುವುದು ಅವನ ನಡತೆಯಿಂದ ಎಂದು ನಂಬುವವರು ಅವನಿಗೆ ಸದ್ಗುಣ ಕಲಿಸಲು ಹೊರಡುತ್ತಾರೆ. ಸುತ್ತಲಿನ ಸ್ಥಿತಿಯಿಂದ ಎಂದು ನಂಬುವವರು ಆ ಸ್ಥಿತಿಯನ್ನು ಬದಲಿಸುತ್ತಾರೆ. ಸಂಘ ಎರಡನೆಯದನ್ನು ಮಾಡಲಿ, ಬಾವಿಯ ನೀರು, ಶಾಲೆ, ಊರಿನ ಸಾರ್ವಜನಿಕ ಜಾಗಗಳ ಹಕ್ಕಿಗಾಗಿ ಹೋರಾಡಲಿ, ಆ ಸಮುದಾಯದವರನ್ನೇ ಕಾರ್ಯಕರ್ತರನ್ನಾಗಿ ನೇಮಿಸಿಕೊಳ್ಳಲಿ ಎಂಬುದು ಅವರ ಸಲಹೆ. ಅದು ನಡೆಯಲಿಲ್ಲ, ಅಂಬೇಡ್ಕರ್ ಸಂಘದಿಂದ ದೂರವಾದರು. ‘ಅಪ್‌ಲಿಫ್ಟ್’ ಕುರಿತ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದ ಬರಹವನ್ನು ನಾನು ಕಂಡಿಲ್ಲ.

1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ‘ಡಿಪ್ರೆಸ್ಡ್’ ಹೋಗಿ ‘ಶೆಡ್ಯೂಲ್ಡ್’, ಅಂದರೆ ಪರಿಶಿಷ್ಟ, ಬಂತು. ಕರ್ನಾಟಕದಲ್ಲಿ 1970ರ ದಶಕದಲ್ಲಿ ಬಿ. ಕೃಷ್ಣಪ್ಪ ಮತ್ತು ಸಂಗಾತಿಗಳು ಕಟ್ಟಿದ ಸಂಘಟನೆ ‘ದಲಿತ’ ಎಂದು ತನ್ನನ್ನು ತಾನೇ ಕರೆದುಕೊಂಡಿತು, ‘ಸಂಘರ್ಷ’ವನ್ನೂ ಹೆಸರಿನಲ್ಲಿ ಸೇರಿಸಿಕೊಂಡಿತು. ‘ಉದ್ಧಾರ’ ಎಂಬ ಸಂಸ್ಕೃತ ಪದದಲ್ಲೂ ಎತ್ತುವವನೊಬ್ಬ ಬೇಕು. ‘ಏಳಿಗೆ’ಗೆ ಬೇಡ, ಅದು ‘ಏಳು’ ಎಂಬ ಧಾತುವಿನದು, ಏಳುವವರು ತಾವೇ ಏಳುತ್ತಾರೆ. ನಮ್ಮ ಭಾಷಣಗಳಲ್ಲಿ ಮಾತ್ರ ‘ಉದ್ಧಾರ’ವೇ ಹೆಚ್ಚು ಕೇಳಿಸುತ್ತದೆ.

ಕೇಂದ್ರದ ಕಲ್ಯಾಣ ಸಚಿವಾಲಯ 1998ರಲ್ಲಿ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವಾಯಿತು. ನ್ಯಾಯವೆಂಬ ಪದ ಹೆಸರಿನಲ್ಲಿ ಸೇರಿದ್ದು ದೊಡ್ಡ ಸಂಗತಿ. ಆದರೆ ಸಬಲೀಕರಣದಲ್ಲೂ ಬಲ ಕೊಡುವವರು ಬೇರೆ, ಪಡೆಯುವವರು ಬೇರೆ. ಇತ್ತ ‘ಅಪ್‌ಲಿಫ್ಟ್‌ಮೆಂಟ್’ ಎಂಬ ಉದ್ದನೆಯ ರೂಪ ಭಾರತೀಯ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಬೇರೂರಿದೆ, ಯೋಜನೆಗಳ ಕಡತಗಳಲ್ಲಿ ಈಗಲೂ ಬರುತ್ತಲೇ ಇದೆ.