ಮೌಸ್ ಯಾರ ಕೈಯಲ್ಲಿರಬೇಕು?

‘ಹಿರಿಯರು ಅನುಭವ ಹೇಳಿಕೊಡಲಿ, ಕಿರಿಯರು ಕಂಪ್ಯೂಟರ್ ಹೇಳಿಕೊಡಲಿ, ಎಲ್ಲ ಸರಿಹೋಗುತ್ತೆ.’ ತರಬೇತಿಗೆ ಕರೆಯುವ ಕಂಪನಿಗಳು ನನಗೆ ಮೊದಲು ಹೇಳುವ ಮಾತು ಇದು. ಕೇಳೋದಕ್ಕೆ ಚೆನ್ನಾಗಿದೆ. ಆದರೆ ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿ ‘ಕಲಿತುಕೊಳ್ಳಿ’ ಅಂದರೆ ಟೀ ಕುಡಿದು ಎದ್ದು ಬರುತ್ತಾರೆ, ಅಷ್ಟೇ. ಕಲಿಯೋದು ನಡೆಯಬೇಕಾದರೆ ಇಬ್ಬರ ಮುಂದೆಯೂ ಇವತ್ತೇ ಮುಗಿಯಬೇಕಾದ ಒಂದು ಕೆಲಸ ಇರಬೇಕು.

ಒಂದು ಲೆಕ್ಕಪತ್ರ ವಿಭಾಗದಲ್ಲಿ ನೋಡಿದ್ದು ಹೇಳುತ್ತೇನೆ. ಹೊಸದಾಗಿ ಸೇರಿದ ಹುಡುಗಿ ಹಿರಿಯ ಅಕೌಂಟೆಂಟ್‌ಗೆ ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್, ಅಂದರೆ ರಾಶಿ ಎಂಟ್ರಿಗಳನ್ನು ಗುಂಪು ಮಾಡಿ ಮೊತ್ತ ತೋರಿಸುವ ಪಟ್ಟಿ, ಮಾಡೋದು ಹೇಳಿಕೊಡುತ್ತಿದ್ದಳು. ‘ನೋಡಿ ಸರ್, ಇಷ್ಟೇ’ ಅಂತ ಟಕಟಕ ನಾಲ್ಕು ಕ್ಲಿಕ್ ಮಾಡಿದಳು. ಅವರು ತಲೆ ಆಡಿಸಿದರು. ಮಾರನೇ ದಿನ ಮತ್ತೆ ಅದೇ ಪ್ರಶ್ನೆ. ಆಕೆಗೆ ಬೇಜಾರು, ಅವರಿಗೆ ಸಂಕೋಚ. ಆಗ ಒಂದೇ ಒಂದು ನಿಯಮ ಹಾಕಿದೆವು: ಮೌಸ್ ಕಲಿಯುವವರ ಕೈಯಲ್ಲೇ ಇರಬೇಕು, ಕಲಿಸುವವರು ಬಾಯಲ್ಲಿ ಹೇಳಬೇಕು. ಕೆಲಸ ನಿಧಾನವಾಯಿತು, ನಿಜ. ಆದರೆ ಆ ತಿಂಗಳ ಖರ್ಚಿನ ಪಟ್ಟಿಯನ್ನು ಅವರೇ ಮಾಡಿದರು.

ಪಟ್ಟಿ ಪರದೆ ಮೇಲೆ ಬಂತು. ಅವರು ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಸಾಗಣೆ ಖರ್ಚು ಇಷ್ಟು ಕಡಿಮೆ ಹೇಗಮ್ಮಾ? ಮಾಲು ಜಾಸ್ತಿ ಹೋಗಿದೆಯಲ್ಲ?’ ಹುಡುಗಿ ಫಾರ್ಮುಲಾ ನೋಡಿದಳು, ಸರಿಯಿತ್ತು. ಮೊತ್ತವೂ ಸರಿಯಿತ್ತು. ಹುಡುಕಿದಾಗ ಒಬ್ಬ ಲಾರಿಯವರ ಬಿಲ್ಲುಗಳೇ ಎಂಟ್ರಿ ಆಗಿರಲಿಲ್ಲ. ತಪ್ಪು ಇದ್ದದ್ದು ಪಟ್ಟಿಯಲ್ಲಿ ಇಲ್ಲದ ಸಾಲುಗಳಲ್ಲಿ. ಇಲ್ಲದ್ದನ್ನು ಕಾಣುವ ಕಣ್ಣು ಯಾವ ಸಾಫ್ಟ್‌ವೇರ್ ತರಗತಿಯಲ್ಲೂ ಸಿಗುವುದಿಲ್ಲ. ಬರೀ ‘ಅನುಭವ ಹಂಚಿಕೊಳ್ಳಿ’ ಅಂದಿದ್ದರೆ ಆ ಹಿರಿಯರಿಗೂ ಇದು ಹೇಳಬೇಕಾದ ವಿಷಯ ಅಂತ ಹೊಳೆಯುತ್ತಿರಲಿಲ್ಲ.

ಯಾಕೆಂದರೆ ಚೆನ್ನಾಗಿ ಪಳಗಿದವರಿಗೆ ತಾವು ಏನು ಮಾಡುತ್ತಿದ್ದೇವೆ ಅನ್ನೋದೇ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಮನಶ್ಶಾಸ್ತ್ರಜ್ಞ ಟಿಮೊಥಿ ಸಾಲ್ಟ್‌ಹೌಸ್ 1984ರಲ್ಲಿ 19ರಿಂದ 72 ವಯಸ್ಸಿನ ಟೈಪಿಸ್ಟ್‌ಗಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ವಯಸ್ಸಾದವರ ಬೆರಳಿನ ಚುರುಕು ಕಡಿಮೆಯಾಗಿತ್ತು, ಆದರೆ ಟೈಪಿಂಗ್ ವೇಗ ಕಡಿಮೆಯಾಗಿರಲಿಲ್ಲ. ಬೆರಳು ಒತ್ತುತ್ತಿದ್ದ ಅಕ್ಷರಕ್ಕಿಂತ ಅವರ ಕಣ್ಣು ಮುಂದೆ ಓಡುತ್ತಿತ್ತು, ಅದೂ ಕಿರಿಯರಿಗಿಂತ ಹೆಚ್ಚು ಅಕ್ಷರ ಮುಂದೆ. ಇಂಥದ್ದನ್ನು ಪಕ್ಕದಲ್ಲಿ ಕೂತು ನೋಡಿಯೇ ಹಿಡಿಯಬೇಕು. ನಿವೃತ್ತಿಗೆ ಎರಡು ವಾರ ಇರುವಾಗ ‘ನಿಮಗೆ ಗೊತ್ತಿರೋದನ್ನೆಲ್ಲ ಬರೆದುಕೊಡಿ’ ಅಂತ ಕೇಳುವ ಕಂಪನಿಗಳಿವೆ. ದಪ್ಪ ಫೈಲ್ ಒಂದು ತಯಾರಾಗುತ್ತೆ. ಅದನ್ನು ತೆರೆದವರನ್ನು ನಾನಂತೂ ಅಷ್ಟಾಗಿ ಕಂಡಿಲ್ಲ.

ಕಿರಿಯರಿಗೆ ನಾನು ಜಾಸ್ತಿ ಹೇಳಿಕೊಡುವುದು ಕೇಳುವ ರೀತಿಯನ್ನು. ಪಂಪಿನ ಮೇಲೆ ಕೈಯಿಟ್ಟು ‘ಬೇರಿಂಗ್ ಹೋಗ್ತಾ ಇದೆ’ ಅನ್ನುವ ಮೆಕ್ಯಾನಿಕ್‌ಗೆ ‘ಹೇಗೆ ಗೊತ್ತಾಯ್ತು ಸರ್?’ ಅಂದರೆ ‘ಗೊತ್ತಾಗುತ್ತಪ್ಪಾ’ ಅಂತಾರೆ. ಮಾತು ಅಲ್ಲಿಗೆ ಮುಗಿಯಿತು. ‘ಮೊದಲು ಎಲ್ಲಿ ಕೈಯಿಟ್ಟಿರಿ? ಸದ್ದು ಹೇಗಿದ್ದಿದ್ದರೆ ಸುಮ್ನೆ ಬಿಡ್ತಿದ್ರಿ?’ ಅಂತ ಕೇಳಿ ನೋಡಿ. ಕರಕರ ಸದ್ದಿಗೂ ಕೀಚಲು ಸದ್ದಿಗೂ ಇರುವ ವ್ಯತ್ಯಾಸ, ಬಿಸಿ ಯಾವ ಕಡೆ ಜಾಸ್ತಿ, ಎಲ್ಲ ಹೊರಗೆ ಬರುತ್ತೆ. ಆಮೇಲೆ ಹುಡುಗ ತನ್ನ ಕಂಪನ ಅಳೆಯುವ ಸೆನ್ಸರ್ ಇಟ್ಟು ಗ್ರಾಫ್ ತೋರಿಸಿದರೆ ಮೆಕ್ಯಾನಿಕ್ ಕೂಡ ಬಗ್ಗಿ ನೋಡುತ್ತಾರೆ. ತಮ್ಮ ಕೈಗೆ ತಿಳಿದದ್ದು ಪರದೆ ಮೇಲೆ ಕಂಡರೆ ಯಾರಿಗೆ ಕುತೂಹಲ ಇರಲ್ಲ?

ಕಿರಿಯರಿಂದ ಕಲಿಯುವುದು ಹೊಸ ವಿಚಾರವೇನಲ್ಲ. 1999ರಲ್ಲಿ ಜನರಲ್ ಎಲೆಕ್ಟ್ರಿಕ್ ಮುಖ್ಯಸ್ಥ ಜ್ಯಾಕ್ ವೆಲ್ಚ್ ತಮ್ಮ 500 ಹಿರಿಯ ಅಧಿಕಾರಿಗಳಿಗೆ, ಕಿರಿಯರನ್ನು ಹುಡುಕಿ ಇಂಟರ್ನೆಟ್ ಕಲಿಯಿರಿ ಅಂದಿದ್ದರು. ತಾವೂ ಕಲಿಯಲು ಕೂತರು. ಆದರೆ ಮುಖ್ಯಸ್ಥರು ‘ನನಗೆ ಗೊತ್ತಿಲ್ಲ’ ಅಂದರೆ ಅದು ದೊಡ್ಡತನ. ಐವತ್ತೈದು ದಾಟಿದ ಮಧ್ಯಮ ದರ್ಜೆಯ ನೌಕರ ಅದೇ ಮಾತು ಹೇಳಿದರೆ ಕೆಲಸದಿಂದ ತೆಗೆಯುವವರ ಮುಂದಿನ ಪಟ್ಟಿಗೆ ತನ್ನ ಹೆಸರು ಸೇರೀತು ಅನ್ನೋ ಭಯ. ‘ಎಲ್ಲ ಹೇಳಿಕೊಟ್ಟ ಮೇಲೆ ನಾನು ಯಾಕೆ ಬೇಕು?’ ಅನ್ನೋದು ಬರೀ ಸಂಶಯವೂ ಅಲ್ಲ, ಹಾಗೆ ಆದದ್ದುಂಟು. ಇದಕ್ಕೆ ತರಬೇತುದಾರನ ಹತ್ತಿರ ಉತ್ತರ ಇಲ್ಲ, ಮ್ಯಾನೇಜರ್ ಹತ್ತಿರ ಇರಬೇಕು. ಹೇಳಿಕೊಡುವುದನ್ನೂ ಕೆಲಸ ಅಂತ ಲೆಕ್ಕಕ್ಕೆ ಹಿಡಿಯಬೇಕು. ಕಿರಿಯರ ಕೈಯಲ್ಲಿ ಹಿರಿಯರ ಮೇಲೆ ವರದಿ ಬರೆಸಲೇಬಾರದು.

ಕಿರಿಯರಿಂದ ಸಿಗುವ ಇನ್ನೊಂದು ಲಾಭ ಕಂಪ್ಯೂಟರಿಗೆ ಸಂಬಂಧಿಸಿದ್ದಲ್ಲ. ‘ಕಂಪ್ಯೂಟರಿನಲ್ಲಿ ಬರೆದದ್ದನ್ನೇ ಮತ್ತೆ ರಿಜಿಸ್ಟರ್‌ನಲ್ಲಿ ಯಾಕೆ ಬರೀಬೇಕು?’ ಅಂತ ಕೇಳುವ ಧೈರ್ಯ ಹೊಸಬರಿಗೆ ಮಾತ್ರ ಇರುತ್ತೆ. ಉದ್ಧಟತನ ಅಂತ ಗದರುವ ಮೊದಲು ‘ಇದು ಶುರುವಾದದ್ದು ಯಾಕೆ?’ ಅಂತ ಹಿರಿಯರನ್ನು ಕೇಳಬೇಕು. ಕೆಲವು ಸಲ ಎಂದೋ ನಡೆದ ಒಂದು ಕಳ್ಳತನದ ಕಥೆ ಬರುತ್ತೆ. ಆ ದಾರಿ ಇನ್ನೂ ತೆರೆದಿದ್ದರೆ ರಿಜಿಸ್ಟರ್ ಇರಲಿ. ಕಾರಣ ಎಂದೋ ಮುಗಿದಿದ್ದರೆ ಅದನ್ನು ನಿಲ್ಲಿಸುವ ಮಾತು ಆ ಹಿರಿಯರ ಬಾಯಿಂದಲೇ ಬರಲಿ. ಹುಡುಗ ಹೇಳಿದರೆ ವಾದ ಶುರುವಾಗುತ್ತೆ, ಅವರು ಹೇಳಿದರೆ ಸೋಮವಾರದಿಂದಲೇ ನಿಲ್ಲುತ್ತೆ.