ತುಟಿಗಿಂತ ಮೊದಲು ತಲೆ

ಮಕ್ಕಳ ಆನಿಮೇಷನ್ ಪಾಠವೊಂದರ ಕನ್ನಡ ಅವತರಣಿಕೆ ಕೆಲವು ವರ್ಷಗಳ ಹಿಂದೆ ತಿದ್ದುಪಡಿಗಾಗಿ ನನ್ನ ಕೈಗೆ ಬಂದಿತ್ತು. ಮೂಲ ಇಂಗ್ಲಿಷಿನಲ್ಲಿ ತಾಯಿಯ ಪಾತ್ರ ‘ಡೋಂಟ್ ಟಚ್ ಇಟ್’ ಎನ್ನುವ ಕಡೆ ಕನ್ನಡದಲ್ಲಿ ‘ಅದನ್ನ ಮುಟ್ಟಬೇಡ’ ಎಂದಿತ್ತು. ತುಟಿಯ ಚಲನೆಯನ್ನು ಕನ್ನಡದ ಧ್ವನಿಗೆ ಹೊಂದುವಂತೆ ಹೊಸದಾಗಿ ಮಾಡಿದ್ದರು, ತಲೆಯನ್ನು ಮಾತ್ರ ಮುಟ್ಟಿರಲಿಲ್ಲ. ಹೀಗಾಗಿ ‘ಅದನ್ನ’ ಎನ್ನುವಾಗಲೇ ತಾಯಿ ಬೇಡವೆಂದು ತಲೆಯಾಡಿಸಿ ಮುಗಿಸುತ್ತಿದ್ದಳು. ನಿಜವಾಗಿ ‘ಬೇಡ’ ಎಂಬ ಮಾತು ಬರುವ ಹೊತ್ತಿಗೆ ಅವಳ ತಲೆ ಕಲ್ಲಿನಂತೆ ನಿಂತಿರುತ್ತಿತ್ತು. ತುಟಿಯಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ, ಆದರೂ ಆ ಮಾತು ಅವಳದೆನ್ನಿಸುತ್ತಿರಲಿಲ್ಲ.

ನಮ್ಮ ಕ್ರಿಯಾಪದವೂ ನಿಷೇಧವೂ ವಾಕ್ಯದ ಕೊನೆಯಲ್ಲಿ ಬರುತ್ತವೆ. ಒತ್ತು ಕೊಡಬೇಕಾದ ಪದಕ್ಕೆ ‘ಏ’ ಸೇರಿಸಿ ‘ನಾನೇ’, ‘ಇವತ್ತೇ’ ಎನ್ನುತ್ತೇವೆ. ತಲೆಯ ಚಲನೆ ಹಿಂಬಾಲಿಸಬೇಕಾದದ್ದು ಇಂತಹ ಜಾಗಗಳನ್ನು. ಬಾಯಿ ಅಲುಗದ ಸೂತ್ರದ ಗೊಂಬೆಯೂ ಮಾತನಾಡುತ್ತಿದೆ ಎಂದು ನಾವು ನಂಬುವುದು ಅದರ ತಲೆ ಮತ್ತು ಮೈ ಮಾತಿನ ಏರಿಳಿತಕ್ಕೆ ಓಗೊಡುವುದರಿಂದ. ಸಂಶೋಧಕ ಕೆವಿನ್ ಮನ್‌ಹಾಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗದ್ದಲದ ನಡುವೆ ಜಪಾನಿ ವಾಕ್ಯಗಳನ್ನು ಕೇಳಿದವರು, ಪರದೆಯ ಮೇಲಿನ ಆನಿಮೇಟೆಡ್ ಮುಖದಲ್ಲಿ ತಲೆಯ ಸಹಜ ಚಲನೆಯೂ ಇದ್ದಾಗ ಹೆಚ್ಚು ಉಚ್ಚಾರಾಂಶಗಳನ್ನು ಸರಿಯಾಗಿ ಗುರುತಿಸಿದ್ದರು. ಹಾಗಾಗಿ ತಲೆಯ ಚಲನೆಯನ್ನು ಕೆಲಸದ ಕೊನೆಯಲ್ಲಿ ಹಚ್ಚುವ ಅಲಂಕಾರವೆಂದು ನೋಡುವುದನ್ನು ನಾನು ಒಪ್ಪುವುದಿಲ್ಲ.

‘ಅವನು ನಿನ್ನೆ ಬರಲೇ ಇಲ್ಲ’ ಎಂಬ ಒಂದು ಮಾತನ್ನು ತೆಗೆದುಕೊಳ್ಳೋಣ. ಸೆಕೆಂಡಿಗೆ 24 ಫ್ರೇಮಿನ (ಬಿಡಿ ಚಿತ್ರದ) ಲೆಕ್ಕದಲ್ಲಿ ಇದು 36 ಫ್ರೇಮ್ ಹಿಡಿಯುತ್ತದೆ, ‘ಲೇ’ ಎಂಬ ಒತ್ತು 20ನೆಯ ಫ್ರೇಮಿನಲ್ಲಿ ಕೇಳಿಸುತ್ತದೆ ಎಂದುಕೊಳ್ಳಿ. ನಾನು 12ನೆಯ ಫ್ರೇಮಿನಿಂದ ಗದ್ದವನ್ನು 3 ಡಿಗ್ರಿಯಷ್ಟು ಮೇಲೆತ್ತಿ, 18ನೆಯ ಫ್ರೇಮಿಗೆ ಅಲ್ಲಿಂದ 7 ಡಿಗ್ರಿ ಕೆಳಗಿಳಿಸುತ್ತೇನೆ. ಅಂದರೆ ಧ್ವನಿ ಕೇಳುವುದಕ್ಕೆ 2 ಫ್ರೇಮ್ ಮೊದಲೇ ತಲೆ ಒತ್ತಿನ ಜಾಗವನ್ನು ಮುಟ್ಟಿರುತ್ತದೆ. ಎರಡೂ ಒಂದೇ ಫ್ರೇಮಿನಲ್ಲಿ ಬಿದ್ದರೆ ತಲೆ ತಡವಾದಂತೆ ಕಾಣುವುದು ನನ್ನ ಅನುಭವ. ತಲೆ ಇನ್ನೂ ಪೂರ್ತಿ ನಿಲ್ಲುವ ಮೊದಲೇ ‘ಇಲ್ಲ’ಕ್ಕೆ ಎಡಬಲದ ಒಂದು ಸಣ್ಣ ತಿರುವು ಶುರುವಾಗಬೇಕು, ಆ ತಿರುವಿಗಿಂತ ಎರಡು ಫ್ರೇಮ್ ಮುಂಚೆ ಕಣ್ಣು ಹೊರಳಬೇಕು. ಮಾತು ಮುಗಿದ ಮೇಲೆ ತಲೆಯನ್ನು ಹೊರಟ ಜಾಗಕ್ಕೇ ತಂದು ನಿಲ್ಲಿಸಬೇಡಿ, ಒಂದೆರಡು ಡಿಗ್ರಿ ತಗ್ಗಿಯೇ ಉಳಿಯಲಿ. ಬೇಸರದ ಮಾತನ್ನಾಡಿದವರ ತಲೆ ಆಡುವ ಮುಂಚೆ ಇದ್ದಂತೆ ಇರುವುದಿಲ್ಲ.

ಬ್ಲೆಂಡರ್ ಎಂಬ 3ಡಿ ತಂತ್ರಾಂಶ ಬಳಸುವವರು, ಪಾತ್ರದ ತಲೆಯನ್ನು ಆಡಿಸುವ ‘ಮೂಳೆ’ಯ ತಿರುಗುವಿಕೆಯನ್ನು, ನಾಲ್ಕು ಸಂಖ್ಯೆಗಳಲ್ಲಿ ಹೇಳುವ ಕ್ವಾಟರ್ನಿಯನ್‌ನಿಂದ ಮೂರು ಕೋನಗಳಲ್ಲಿ ಹೇಳುವ ಆಯ್ಲರ್‌ಗೆ ಮೊದಲೇ ಬದಲಿಸಿಕೊಂಡರೆ ಬಾಗು (ಮೇಲೆ ಕೆಳಗೆ), ತಿರುವು (ಎಡಬಲ), ಓಲು (ಭುಜದ ಕಡೆಗೆ) ಈ ಮೂರೂ ಗ್ರಾಫ್ ಎಡಿಟರ್‌ನಲ್ಲಿ ಬೇರೆ ಬೇರೆ ಗೆರೆಗಳಾಗಿ ಸಿಗುತ್ತವೆ, ತಿದ್ದುವುದು ಸುಲಭವಾಗುತ್ತದೆ. ತಲೆ ತಿರುಗುವ ಕೇಂದ್ರ ಮುಖದ ನಡುವಿನಲ್ಲಿಯಾಗಲಿ ಗದ್ದದಲ್ಲಿಯಾಗಲಿ ಇರದೆ, ಕಿವಿಯ ಕೆಳಗೆ ತಲೆಬುರುಡೆ ಕತ್ತಿನ ಮೇಲೆ ಕೂರುವಲ್ಲಿ ಇರಬೇಕು. ಕತ್ತರಿಸಿ ಜೋಡಿಸಿದ 2ಡಿ ಪಾತ್ರದಲ್ಲಿ ತಲೆ ನಿಜವಾಗಿ ತಿರುಗುವುದಿಲ್ಲವಾದ್ದರಿಂದ ತಿರುಗುವ ದಿಕ್ಕಿಗೆ ಮೂಗನ್ನು ಹೆಚ್ಚು, ಕಣ್ಣುಗಳನ್ನು ಸ್ವಲ್ಪ ಕಡಿಮೆ ಸರಿಸಿ, ಕಿವಿಗಳನ್ನು ಎದುರು ದಿಕ್ಕಿಗೆ ಸರಿಸಿದರೆ ಕಣ್ಣು ಅದನ್ನು ತಿರುವೆಂದು ಒಪ್ಪಿಕೊಳ್ಳುತ್ತದೆ.

ಹೊಸಬರಲ್ಲಿ ನಾನು ಪದೇ ಪದೇ ಕಾಣುವ ತಪ್ಪೆಂದರೆ ಪ್ರತಿ ಪದಕ್ಕೂ ಒಂದೊಂದು ಬಾಗು ಹಾಕುವುದು. ಆಗ ಪಾತ್ರ ಕೋಲೆ ಬಸವನಾಗುತ್ತದೆ, ಯಾವ ಮಾತು ಮುಖ್ಯವೆಂಬುದೇ ತಿಳಿಯುವುದಿಲ್ಲ. ಒಂದು ಸಾಮಾನ್ಯ ವಾಕ್ಯಕ್ಕೆ ಒಂದು ದೊಡ್ಡ ಒತ್ತು, ಬೇಕಾದರೆ ಒಂದು ಚಿಕ್ಕದು ಸಾಕು. ಗೆರೆಗೆ ತಾನಾಗಿಯೇ ಅಡ್ಡಾದಿಡ್ಡಿ ಅಲುಗಾಟ ಸೇರಿಸುವ ನಾಯ್ಸ್ ಮಾಡಿಫೈಯರ್ ಹಾಕಿ ತಲೆಯನ್ನು ಸುಮ್ಮನೆ ಅಲುಗಿಸುವುದು ಇದಕ್ಕೆ ಪರಿಹಾರವಲ್ಲ, ಏಕೆಂದರೆ ಮಾತಿಗೆ ಸಂಬಂಧವಿಲ್ಲದ ಆ ಅಲುಗಾಟ ಇರುವ ಒತ್ತನ್ನೂ ಮಸುಕು ಮಾಡುತ್ತದೆ.

ಕೇಳುತ್ತಿರುವ ಪಾತ್ರದ ವಿಷಯದಲ್ಲಿಯೂ ಎಚ್ಚರ ಬೇಕು. ಹೊರಗಿನಿಂದ ತಂದ ಸಿದ್ಧ ಚಲನೆಗಳಲ್ಲಿ ಒಪ್ಪಿಗೆ ಎಂದರೆ ಮೇಲೆ ಕೆಳಗೆ ಬಾಗುವುದಷ್ಟೇ ಆಗಿರುತ್ತದೆ. ನಮ್ಮ ಅಜ್ಜಿ ‘ಹೂಂ, ಹೂಂ’ ಎನ್ನುತ್ತಾ ತಲೆಯನ್ನು ಭುಜದ ಕಡೆಗೆ ಮೆಲ್ಲಗೆ ಓಲಿಸುವ ರೀತಿಯನ್ನು ಓಲಿನ ಗೆರೆಯಲ್ಲಿ ನಾವೇ ಬರೆಯಬೇಕಾಗುತ್ತದೆ. ಅದನ್ನು ಎಡಬಲದ ತಿರುವಾಗಿ ಬರೆದರೆ ಅಜ್ಜಿ ಒಪ್ಪುವ ಬದಲು ಬೇಡವೆಂದಂತಾಗುತ್ತದೆ.

ಆ ತಾಯಿಯ ದೃಶ್ಯವನ್ನು ಸರಿಪಡಿಸುವಾಗ ನಾನು ಬಾಯಿಯ ಪದರವನ್ನು ಪೂರ್ತಿ ಮರೆಮಾಡಿ, ತಲೆ ಮತ್ತು ಕಣ್ಣನ್ನು ಮಾತ್ರ ಹೊಸದಾಗಿ ಮಾಡಿ, ಧ್ವನಿಯನ್ನೂ ನಿಲ್ಲಿಸಿ ಪಕ್ಕದ ಮೇಜಿನವರಿಗೆ ತೋರಿಸಿದೆ. ಅವಳು ‘ಬೇಡ’ ಎಂದದ್ದು ಯಾವಾಗ ಎಂದು ಕೇಳಿದಾಗ ಅವರು ಸರಿಯಾದ ಜಾಗದಲ್ಲೇ ಬೆರಳಿಟ್ಟು ತೋರಿಸಿದರು. ತುಟಿಯನ್ನು ಮರಳಿ ತಂದದ್ದು ಅದಾದ ಮೇಲೆ.